ಪಾಯಗೊಂಡರ ನಕಾಶೆ

ಕಬ್ಬಿಣದ ವ್ಯಾಪಾರಿ ಪಾಯಗೊಂಡರು ಕುರ್ಚಿಗೆ ಬೆನ್ನು ಹಚ್ಚಿದ್ದನ್ನು ಕಂಡವರಿಲ್ಲ. ಗಾಡಿಯ ಕೀಲಿ ಕುಣಿಸುತ್ತ ಗೋಡೆಯ ನಕಾಶೆಯ ಮುಂದೆ ಅಡ್ಡಾಡುತ್ತಲೇ ಇರುತ್ತಾರೆ. ಅದರಲ್ಲಿ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಮೂರು ಶಾಖೆಗಳಿಗೆ ಮೂರು ಗುಂಡುಸೂಜಿ. “ಗಿರಾಕಿ ಇದ್ದಲ್ಲೇ ಅಂಗಡಿ ಇರಬೇಕ್ರಿ. ಇಲ್ಲೆ ಫೌಂಡ್ರಿ, ಅಲ್ಲೆ ಮಗ್ಗ, ಆ ಕಡೆ ಸಕ್ಕರಿ ಕಾರಖಾನಿ,” ಎನ್ನುವಷ್ಟರಲ್ಲಿ ನಾಲ್ಕು ಸಲ ಕಿಟಕಿಯಿಂದ ಹೊತ್ತು ನೋಡಿರುತ್ತಾರೆ. ಹೊತ್ತು ಮುಳುಗಿದ ಮೇಲೆ ಜೈನರಾದ ಅವರ ನಾಂದಣಿಯ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಮಗ ಬರುವ ತನಕ ತಾಯಿ ಮಾಣಿಕಬಾಯಿ ಉಣ್ಣುವುದಿಲ್ಲ. ಇನ್ನೂ ದೂರದ ಹಲಕರ್ಣಿಯಲ್ಲಿ ನಾಲ್ಕನೆಯ ಶಾಖೆ ತೆರೆದ ವಾರವೇ ಪಾಯಗೊಂಡರಿಗೆ ಮನೆಗೆ ಬರುವ ದಾರಿಯಲ್ಲಿ ಹೊತ್ತು ಮುಳುಗಿತು. ನಾಂದಣಿಯ ಮನೆಯಲ್ಲಿ ಅವ್ವ ತಾಟು ಎತ್ತಿಟ್ಟು, “ನನಗ ಹಸಿವ ಇದ್ದಿಲ್ಲ ಬಿಡಪಾ,” ಎಂದಳು. ಮರುದಿನವೇ ಆ ಶಾಖೆ ಮುಚ್ಚಿಸಿ ನಕಾಶೆಯಿಂದ ಅದರ ಸೂಜಿ ಕಿತ್ತರು. ಈಗ ಹಲಕರ್ಣಿಯ ಮಾತೆತ್ತಿದರೆ, “ಅಲ್ಲೆ ಧಂದೆ ಇಲ್ರಿ,” ಎನ್ನುತ್ತ ನಕಾಶೆಯ ಸಣ್ಣ ತೂತನ್ನು ಹೆಬ್ಬೆರಳಿನಿಂದ ತಿಕ್ಕುತ್ತಾರೆ.