ಮುಷ್ಟಿಯೊಳಗಿನ ಸಕ್ಕರೆ ಗಿಳಿ

ಈ ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಬಂದ ಮೇಲಿನ ಮನೆಯ ಹುಡುಗಿ ತಟ್ಟೆ ಹಿಡಿದುಕೊಂಡು ಅನುಮಾನಿಸಿದಳು. "ಅಂಕಲ್, ನಿಮಗೆ ಶುಗರ್ ಅಂತೆ. ಅಚ್ಚು ಕೊಡ್ಲಾ, ಬೇಡ್ವಾ?" ನನ್ನ ಬ್ಲಡ್ ರಿಪೋರ್ಟಿನ ಸುದ್ದಿ ಜೆ.ಪಿ. ನಗರದ ನಮ್ಮ ಪುಟ್ಟ ಕಟ್ಟಡದ ಮೆಟ್ಟಿಲು ಹತ್ತಿ ಇಳಿದಾಗಿತ್ತು. "ದೇವರ ಮುಂದೆ ಇಡೋಕಿರಲಿ, ಕೊಡಮ್ಮ" ಎಂದೆ. ಪೂಜೆ ಬೆಳಿಗ್ಗೆಯೇ ಮುಗಿದಿತ್ತೆಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಅವಳು ಕೊಟ್ಟದ್ದು ಒಂದು ಸಕ್ಕರೆ ಗಿಳಿ. ಅದು ಕೈಗೆ ಬಂದೊಡನೆ ಇಟ್ಟಮಡುವಿನ ದೊಡ್ಡಪ್ಪ ನೆನಪಾದ.

ದೊಡ್ಡಪ್ಪ ರಾಗಿ ಬೆಳೆದ ಹೊಲದಲ್ಲೇ ಬಾಡಿಗೆ ಮನೆಗಳನ್ನು ಕಟ್ಟಿಸಿದವನು. ಹೊಲ ಹೋದ ಮೇಲೆ ಸಂಜೆಗೆ ಕೆಲಸವಿಲ್ಲದೆ ಕುಡಿತ ಕಲಿತ. ದೀಪ ಹಚ್ಚುವ ಹೊತ್ತಿಗೆ ಚಪ್ಪಲಿ ಮೆಟ್ಟಿದನೆಂದರೆ ಮೂಲೆಯ ವೈನ್ ಶಾಪಿಗೇ. ಬೈಗುಳ, ಹರಕೆ, ಕಣ್ಣೀರು ಎಲ್ಲ ಮುಗಿದ ಮೇಲೆ ಒಂದು ಸಂಜೆ ದೊಡ್ಡಮ್ಮ, ಹಬ್ಬದಲ್ಲಿ ಉಳಿದಿದ್ದ ಸಕ್ಕರೆ ಅಚ್ಚಿನ ಡಬ್ಬ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಮೊದ್ಲು ಇದನ್ನ ತಿನ್ನಿ. ಬಾಯಲ್ಲಿ ಕರಗಿದ ಮೇಲೂ ಹೋಗ್ಬೇಕು ಅನ್ಸಿದ್ರೆ ಹೋಗಿ."

ಅವತ್ತು ತಿಂದು, ಹೋದ. ಅವಳು ಮರುದಿನವೂ ನಿಂತಳು, ಅದರ ಮರುದಿನವೂ. ತಿಂಗಳುಗಳೇ ಹಿಡಿದವು. ಕೊನೆಗೆ ಚಪ್ಪಲಿ ಬಾಗಿಲಲ್ಲೇ ಉಳಿಯತೊಡಗಿತು. ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಯುತ್ತಿದ್ದ ಮರದ ಅಚ್ಚುಗಳಿಗೆ ಆ ಮನೆಯಲ್ಲಿ ಮತ್ತೆ ಅಟ್ಟ ಹತ್ತುವ ಯೋಗ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂತು. ಬನಶಂಕರಿಯ ಕ್ಲಿನಿಕ್ಕಿಗೆ ಇಬ್ಬರನ್ನೂ ಕರೆದುಕೊಂಡು ಹೋದವನು ನಾನು. ಕಾಲಿನ ಗಾಯ ಮಾಯುತ್ತಿಲ್ಲ, ಸಿಹಿ ಪೂರ್ತಿ ನಿಲ್ಲಿಸಿ ಎಂದರು ಡಾಕ್ಟರು. ದೊಡ್ಡಮ್ಮ ಕುರ್ಚಿಯಿಂದ ಏಳಲಿಲ್ಲ.

"ಇದನ್ನ ನಿಲ್ಸಿ, ಅವ್ರು ತಿರ್ಗಾ ಅದಕ್ಕೆ ಹೋದ್ರೆ ಏನ್ ಮಾಡ್ಲಿ ಡಾಕ್ಟ್ರೇ?"

ಡಾಕ್ಟರು ಮಾತ್ರೆಯ ಚೀಟಿ ಬರೆದು ಅವಳ ಕೈಗಿಟ್ಟರು.

ಸಕ್ಕರೆಯನ್ನು ಚಟವೆನ್ನಬಹುದೇ? ಬಲ್ಲವರು ಇನ್ನೂ ವಾದಿಸುತ್ತಿದ್ದಾರಂತೆ. ನಮ್ಮ ವಾಕಿಂಗ್ ಗುಂಪಿನಲ್ಲೂ ಈ ವಾದ ಪಾರ್ಕನ್ನೆಲ್ಲ ಸುತ್ತಿ, ಹೋಟೆಲಿನಲ್ಲಿ ಕೇಸರಿಬಾತಿನ ಮುಂದೆ ತಣ್ಣಗಾಗುತ್ತದೆ. ನಾನು ಎರಡನ್ನೂ ಬಲ್ಲವನನ್ನೇ ಕೇಳಿದ್ದೆ, ಅವತ್ತು ಆಟೋದಲ್ಲಿ ಹಿಂದಿರುಗುವಾಗ. ದೊಡ್ಡಪ್ಪ ರಸ್ತೆ ನೋಡುತ್ತಲೇ ಹೇಳಿದ: "ಎಣ್ಣೆ ಬಿಟ್ಟಾಗ ಮೈಯೆಲ್ಲಾ ನಡುಗ್ತು ಕಣೋ, ಇದಕ್ಕೆ ಹಂಗೆಲ್ಲಾ ಆಗಲ್ಲ. ಆದ್ರೆ ಅದನ್ನ ಬಿಡೋಕೆ ಆ ರೋಡಿಗೆ ಹೋಗ್ದಿದ್ರೆ ಆಯ್ತಿತ್ತು. ಇದು ತಟ್ಟೇಲಿ ಕೂತು ಮನೆಗೇ ಬರುತ್ತೆ. ಬೇಡ ಅಂದ್ರೆ ಜನ ಬೇಜಾರು ಮಾಡ್ಕೋತಾರೆ."

ಆ ಸಂಜೆ ಹೊತ್ತಿಗೆ ಸರಿಯಾಗಿ ದೊಡ್ಡಮ್ಮ ಡಬ್ಬ ತೆರೆದಾಗ ನನಗೆ ಸಿಟ್ಟೇ ಬಂತು. ಅವಳು ಒಂದು ಗಿಳಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದಳು. "ಬಾಯಿಗಲ್ಲ. ಸುಮ್ನೆ ಹಿಡ್ಕೊಂಡಿರಿ." ದೊಡ್ಡಪ್ಪ ಮುಷ್ಟಿ ಮುಚ್ಚಿಕೊಂಡು ಜಗಲಿಯ ಮೇಲೆ ಕುಳಿತ. ವೈನ್ ಶಾಪಿನ ಹೊತ್ತು ದಾಟಿದ ಮೇಲೆ ಅವಳೇ ಒದ್ದೆ ಬಟ್ಟೆ ತಂದು, ಗಿಳಿಯನ್ನು ತೆಗೆದುಕೊಂಡು, ಬೆರಳ ಸಂದಿಗಳನ್ನೂ ಬಿಡದೆ ಒರೆಸಿದಳು. ದೊಡ್ಡಪ್ಪ ಇರುವವರೆಗೂ ಇದು ನಡೆಯಿತು. ಅವನು ಮತ್ತೆ ಕುಡಿಯಲೂ ಇಲ್ಲ. ನಲ್ಲಿ ಅಲ್ಲೇ ಅಂಗಳದಲ್ಲಿದ್ದರೂ ಅವನು ಎದ್ದು ಕೈ ತೊಳೆಯಲು ಅವಳು ಬಿಡುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಎಷ್ಟು ಪ್ರೀತಿಯಪ್ಪ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಮೊನ್ನೆ ಆ ಹುಡುಗಿ ಹೋದ ಮೇಲೆ ನಾನೂ ನೋಡೋಣವೆಂದು ಗಿಳಿಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೆ. ಹೆಂಡತಿ ಎಳ್ಳು ಬೀರಲು ಹೋಗಿದ್ದಳು. ಅಂಗೈ ಬೆವರಿತು, ಅಂಟಂಟಾಯಿತು, ಗಿಳಿಯ ಕೊಕ್ಕು ಕರಗಿತು. ಇಷ್ಟೇ ತಾನೇ, ಗೆದ್ದೆ ಎಂದುಕೊಂಡು ಅದನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಎದ್ದೆ. ಸಿಂಕಿನವರೆಗೆ ಹೋಗಲಿಲ್ಲ. ನಡುವೆಯೇ ಅಂಗೈ ನೆಕ್ಕಿದ್ದೆ. ನೆಕ್ಕಿದ್ದು ನನಗೆ ಗೊತ್ತಾದದ್ದು ನಾಲಿಗೆಗೆ ಸಿಹಿ ಹತ್ತಿದ ಮೇಲೆ. ದೊಡ್ಡಮ್ಮ ಆ ಬಟ್ಟೆ ಹಿಡಿದು ಕಾಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಹೆಂಡತಿ ಬಾಗಿಲು ತೆರೆದಾಗ ನಾನು ಕೈಯನ್ನು ಮೈಯಿಂದ ದೂರ ಹಿಡಿದು ಅಲ್ಲೇ ನಿಂತಿದ್ದೆ.

"ಏನ್ರೀ, ಕೈಗೇನಾಯ್ತು?"

"ಒಂದು ಒದ್ದೆ ಬಟ್ಟೆ ತಗೊಂಡ್ ಬಾ" ಎಂದೆ. "ನೀನೇ ಒರೆಸು."