ಅಂಚು ಕಪ್ಪಾದ ಗಿಟಾರ್

ಬೆಳಗಿನ ಒಲೆ ಆರಿಸಿ ಬಂದ ಬಶೀರುನ್ನೀಸಾ, ಬಟ್ಟೆಯುಂಡೆಯನ್ನು ಅರಗಿನ ಪಾಲಿಶ್‌ನಲ್ಲಿ ಅದ್ದಿ ಹಲಗೆಯ ಮೇಲೆ ಎಳೆದಳು. ನಡುವೆ ಪಾಲಿಶ್ ಹಿಡಿಯಿತು. ಅಂಚಿನಲ್ಲಿ ಮಾತ್ರ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಸರಿಯಿತು. ಮೂಸಿ ನೋಡಿದಳು. ಹೊಂಗೆ ಎಣ್ಣೆ.

ಹಲಗೆ ಎಂದರೆ ಗಿಟಾರಿನ ಒಡಲು. ಬೆಂಗಳೂರು ದಂಡಿನಲ್ಲಿ ವಾದ್ಯದಂಗಡಿ ಇಟ್ಟಿದ್ದ ಆದಿನಾರಾಯಣಪ್ಪ, ಹೋಟೆಲ್ ಬ್ಯಾಂಡಿನವನೊಬ್ಬನಿಗೆಂದು ಅದನ್ನು ಮಾಡಿಸಿದ್ದ. ಕರೆಂಟಿನಲ್ಲಿ ನುಡಿಯುವ ಗಿಟಾರ್, ಒಳಗೆ ಪೊಳ್ಳಿಲ್ಲ. ಪಾಲಿಶ್‌ಗಾಗಿ ಹೊಸಕೋಟೆಯ ಸರ್ದಾರ್ ಪಾಷಾನ ಮನೆಗೆ ಕಳಿಸಿದ್ದ. ಅದು 1948. ಸರ್ದಾರ್ ಪಾಷಾನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಆ ವರ್ಷವೆಲ್ಲ ಕುರ್ಚಿ, ಮಂಚ, ಹಾರ್ಮೋನಿಯಂ ಪೆಟ್ಟಿಗೆಗಳಿಗೆ ಹೊಳಪು ಕೊಟ್ಟವಳು ಹೆಂಡತಿ ಬಶೀರುನ್ನೀಸಾ. ಆದಿನಾರಾಯಣಪ್ಪನಿಗೆ ಇದು ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಕೊಡುವುದನ್ನೇ ನಿಲ್ಲಿಸುತ್ತಾನೆ ಎಂಬ ಅಂಜಿಕೆ ಅವಳಿಗೆ. ಈ ಸಲ ಅವನೇ ಶುಕ್ರವಾರದ ಬಸ್ಸಿಗೆ ಬರುವವನಿದ್ದ. ನಡುವೆ ಮೂರೇ ದಿನ.

ಎಣ್ಣೆ ಯಾರದೆಂದು ಹುಡುಕಬೇಕಾಗಲಿಲ್ಲ. ಪಕ್ಕದ ಮನೆಯ ಮುನಿವೆಂಕಟಮ್ಮ ಗೋಡೆಯಾಚೆಯಿಂದ ತಾನೇ ಹೇಳಿದಳು.

"ಬೂಬಮ್ಮಾ, ಅಂಗಳದಾಗಿದ್ದ ನಿಮ್ಮ ಮಣೆಗೆ ನಿನ್ನೆ ಎಣ್ಣೆ ಬಳಿದಿವ್ನಿ ಕಣಮ್ಮಾ. ಬರೀ ಹಲಗೆ ಹಂಗೇ ಬಿಟ್ರೆ ಹುಳ ಬೀಳಲ್ವಾ? ನಮ್ ನೇಗ್ಲಿಗೂ ಅಷ್ಟೇ, ಬಾಗ್ಲಿಗೂ ಅಷ್ಟೇ. ಅಂಚಿಗೆ ಜಾಸ್ತೀನೇ ಹಾಕ್ದೆ, ಹುಳ ಅಲ್ಲಿಂದ್ಲೇ ನುಗ್ಗೋದು."

"ಅದು ಮಣೆ ಅಲ್ಲ ಕಣಕ್ಕಾ, ಗಿಟಾರು!"

"ಏನಾರ ಆಗ್ಲಿ. ಹುಳಕ್ಕೇನು ಗೊತ್ತು?"

ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ವಿಷಯ ತಿಳಿದ ಮುನಿವೆಂಕಟಮ್ಮ ಒಲೆಯ ಬೂದಿ ಜರಡಿ ಹಿಡಿದು ತಂದಳು. ಒಬ್ಬಳು ಸ್ಪಿರಿಟ್‌ನಲ್ಲಿ ಒರೆಸುವುದು, ಇನ್ನೊಬ್ಬಳು ಬೂದಿ ಒತ್ತುವುದು. ನಾಲ್ಕು ಸಲ ಮಾಡಿದ ಮೇಲೆ ಎಣ್ಣೆಯ ಜಿಡ್ಡು ಹೋಯಿತು, ಕಲೆ ಹೋಗಲಿಲ್ಲ.

ಬಶೀರುನ್ನೀಸಾ ಎಲೆಯಡಿಕೆ ಪೆಟ್ಟಿಗೆ ತೆರೆದು, ಇದ್ದ ಕಡುಗಂದು ಕಾಚನ್ನೆಲ್ಲ ಸ್ಪಿರಿಟ್‌ಗೆ ಹಾಕಿ ಕದಡಿದಳು.

"ಗಿಟಾರಿಗೂ ಪಾನ್ ತಿನ್ನಿಸ್ತೀಯಾ?" ಎಂದ ಸರ್ದಾರ್ ಪಾಷಾ. ಅವನಿಗೆ ಕಾಣದಿದ್ದರೂ ವಾಸನೆ ತಿಳಿಯುತ್ತಿತ್ತು.

"ಕಲೆ ಮುಚ್ಚೋಕಾಗಲ್ಲ. ಅಂಚನ್ನೆಲ್ಲ ಕಲೆ ಬಣ್ಣಕ್ಕೇ ತರ್ತೀನಿ."

ಅಂಚಿನಲ್ಲಿ ಕಡುಗಂದು, ಒಳಕ್ಕೆ ಬಂದಂತೆ ತೆಳುವಾಗಿ, ನಡುವೆ ಜೇನಿನ ಬಣ್ಣ. ಮೇಲೆ ಅರಗಿನ ಪಾಲಿಶ್, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಮೂರು ದಿನವೂ ಅದೇ ಕೆಲಸ.

ಶುಕ್ರವಾರ ಆದಿನಾರಾಯಣಪ್ಪ ಜಗಲಿಯಲ್ಲಿ ಕೂತ. ಬಶೀರುನ್ನೀಸಾ ಬಾಗಿಲ ಪರದೆಯ ಹಿಂದೆ ನಿಂತಳು.

"ಸಾಬರೇ, ನಾನು ಹೇಳಿದ್ದು ಒಂದೇ ಬಣ್ಣ. ಈ ಅಂಚು ಯಾಕೆ ಹಿಂಗೆ?"

ಸರ್ದಾರ್ ಪಾಷಾ ಗಂಟಲು ಸರಿಮಾಡಿಕೊಂಡ. ಉತ್ತರ ಬಂದದ್ದು ಪಕ್ಕದ ಗೋಡೆಯ ಕಡೆಯಿಂದ.

"ಅವ್ರನ್ನ ಕೇಳಿದ್ರೆ ಏನು ಬಂತು ಸ್ವಾಮಿ? ಅವ್ರಿಗೆ ಕಣ್ಣೇ ಕಾಣಲ್ಲ. ಎಣ್ಣೆ ನಂದು, ಕೆಲ್ಸ ಎಲ್ಲಾ ಬೂಬಮ್ಮಂದು."

ಬಶೀರುನ್ನೀಸಾ ಸೆರಗು ಹೊದ್ದು ಹೊರಗೆ ಬಂದಳು. "ಹೌದು ಸ್ವಾಮಿ. ಒಂದು ವರ್ಷದಿಂದ ನಾನೇ."

"ಆ ಹಾರ್ಮೋನಿಯಂ ಪೆಟ್ಟಿಗೆ?"

"ಅದೂ ನಂದೇ."

ಆದಿನಾರಾಯಣಪ್ಪ ಗಿಟಾರನ್ನು ಬಿಸಿಲಿಗೆ ಹಿಡಿದು ಎರಡು ಸಲ ಓರೆಮಾಡಿ ನೋಡಿದ. ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದ.

ಸೋಮವಾರದ ಬಸ್ಸಿನಲ್ಲಿ ಇನ್ನೆರಡು ಬರಿಯ ಒಡಲುಗಳು ಬಂದವು. ಜೊತೆಗಿದ್ದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಬಶೀರುನ್ನೀಸಾ ಅವರಿಗೆ. ಅಂಚು ಹಾಗೇ ಕಪ್ಪಿರಲಿ. ಎಣ್ಣೆ ಬೇಡ."