ಹಳದಿ ಕೊಡೆಯ ಕೆಳಗೆ ನಾಲ್ಕು ಬೆಳಗು

ಶುಕ್ರವಾರ, ಬೆಳಗಿನ ಐದು ಗಂಟೆ. ಎರಡು ಕೋಣೆಯ ಮನೆಯ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಅಂಟು ಕುದಿಯುತ್ತಿದೆ. ಮಸಿ ಹಿಡಿದ ಎಣ್ಣೆ ಡಬ್ಬ, ಅದರೊಳಗೆ ಮೈದಾ ಮತ್ತು ನೀರು. ಕೋಲು ಹಿಡಿದು ತಿರುವುತ್ತಿರುವವರಿಗೆ ಅರವತ್ತೊಂದು ವರ್ಷ. ಮೂವತ್ನಾಲ್ಕು ವರ್ಷದಿಂದ ಪೇಟೆಯ ಚಿತ್ರಮಂದಿರಗಳಿಗೆ ಪೋಸ್ಟರ್ ಹಚ್ಚುವುದು, ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಕೂಗುವುದು, ಜನ ತಿರುಗಿ ನೋಡುವಂಥ ಏನಾದರೊಂದು ಹೂಡುವುದು ಇವರ ಕಸುಬು. ಎಲ್ಲರ ಬಾಯಲ್ಲೂ ಇವರು ಅಂಟಣ್ಣ.

"ಗಂಟು ಕಟ್ಟಬಾರದು ನೋಡಿ. ಕಟ್ಟಿದ್ರೆ ನಾಯಕಿ ಕೆನ್ನೆ ಮೇಲೆ ಗುಳ್ಳೆ ಎದ್ದ ಹಾಗೆ ಕಾಣುತ್ತೆ. ಆಮೇಲೆ ಆ ಪಿಕ್ಚರ್‌ಗೆ ಯಾರು ಬರ್ತಾರೆ?" ಎನ್ನುತ್ತ ಒಲೆಯ ಉರಿ ತಗ್ಗಿಸುತ್ತಾರೆ.

ಒಳಗಿನಿಂದ ಅವರ ಹೆಂಡತಿ ಹೊರಡುವ ಸಿದ್ಧತೆಯಲ್ಲಿ ಬರುತ್ತಾರೆ. ಶಾಲೆ ಮಕ್ಕಳ ಬಟ್ಟೆ ಹೊಲಿಯುವ ದರ್ಜಿ. ಐವತ್ತೈದು ದಾಟಿದೆ. ಕೈಯಲ್ಲಿ ತಾವೇ ಬಟ್ಟೆ ಹೊದಿಸಿ ಹೊಲಿದ ಹಳದಿ ಕೊಡೆ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ.

"ಎಂಟೂವರೆಗೆ ಬರ್ತೀರಿ ತಾನೆ?"

"ಎಂಟೂವರೆ ಅಂದ್ರೆ ಎಂಟೂವರೆ."

"ನಿಮ್ಮ ಎಂಟೂವರೆ ನಂಗೊತ್ತಿಲ್ವಾ," ಎಂದು ಅವರು ಮೊದಲ ಬಸ್ಸು ಹಿಡಿಯಲು ಹೊರಡುತ್ತಾರೆ.

ಈ ವಾರ ಬಿಡುಗಡೆಯಾಗುತ್ತಿರುವುದು ಒಂದು ಪ್ರೇಮಕಥೆ. ಮಾತು ಕೊಟ್ಟು ಹೋದವನಿಗಾಗಿ ಹುಡುಗಿಯೊಬ್ಬಳು ದಿನವೂ ಬಸ್ ನಿಲ್ದಾಣದಲ್ಲಿ ಹಳದಿ ಕೊಡೆ ಹಿಡಿದು ಕಾಯುತ್ತಾಳೆ. ಪೇಟೆಯಲ್ಲಿ ಉಳಿದಿರುವುದು ಎರಡೇ ಚಿತ್ರಮಂದಿರ. ಒಂದರವರು ಕಳೆದ ವರ್ಷವೇ ಗೋಡೆಯನ್ನೂ ಮೈಕನ್ನೂ ಬಿಟ್ಟು ಫೋನಿನಲ್ಲಿ ಪ್ರಚಾರಕ್ಕೆ ಇಳಿದರು. ಇನ್ನೊಂದರ ಮ್ಯಾನೇಜರು ಹೋದ ಸೋಮವಾರ ಅಂಟಣ್ಣನನ್ನು ಕೂರಿಸಿಕೊಂಡು ಮಾತು ಮುಗಿಸಿದ್ದಾರೆ: ಈ ಚಿತ್ರ ಎರಡನೇ ವಾರಕ್ಕೆ ಕಾಲಿಟ್ಟರೆ ಸರಿ, ಒಂದೇ ವಾರಕ್ಕೆ ಎತ್ತಂಗಡಿಯಾದರೆ ಇವರ ಕೆಲಸವೂ ಅಲ್ಲಿಗೆ ನಿಂತಿತು.

ಜೊತೆಗೆ ಒಂದು ಉಪಾಯವನ್ನೂ ಅವರೇ ಕೊಟ್ಟಿದ್ದರು. ಬಾಡಿಗೆಗೆ ಒಬ್ಬ ಹುಡುಗ, ಒಬ್ಬ ಹುಡುಗಿ. ಮಾರುಕಟ್ಟೆ ನಡುವೆ ಜಗಳ, ಅಳು, ಕೊನೆಗೆ ಮಂಡಿಯೂರಿ ಮದುವೆ ಕೇಳುವುದು. ಯಾರಾದರೂ ಫೋನಿನಲ್ಲಿ ಹಿಡಿದರೆ ಊರೆಲ್ಲ ಹರಡುತ್ತದೆ. ಅಂಟಣ್ಣ ಒಪ್ಪಲಿಲ್ಲ.

ಒಪ್ಪದಿರುವುದಕ್ಕೆ ಇಪ್ಪತ್ತೆರಡು ವರ್ಷ ಹಳೆಯ ಕಾರಣವಿದೆ. ಆಗಲೂ ಒಂದು ಪ್ರೇಮಕಥೆಯೇ. 'ಕಾಣೆಯಾಗಿದ್ದಾಳೆ' ಎಂದು ದಪ್ಪ ಅಕ್ಷರದಲ್ಲಿ ಬರೆಸಿ, ಕೆಳಗೆ ನಾಯಕಿಯ ಮಸುಕು ಚಿತ್ರ ಹಾಕಿಸಿ, ಚಿತ್ರಮಂದಿರದ ಹೆಸರನ್ನು ಇರುವೆ ಗಾತ್ರದಲ್ಲಿಟ್ಟು ಇನ್ನೂರು ಕಾಗದ ಹಚ್ಚಿದ್ದರು. ಊರು ಅದನ್ನೇ ಮಾತಾಡಿತು. ಅಂಟಣ್ಣನ ಎದೆ ಉಬ್ಬಿತ್ತು. ಮೂರನೆಯ ದಿನ ದೂರದ ಹಳ್ಳಿಯೊಂದರಿಂದ ಓದು ಬಾರದ ಒಬ್ಬ ರೈತ ನಡೆದು ಬಂದ. ಅವನ ಮಗಳು ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು. ಪೇಟೆ ಗೋಡೆಗಳ ಮೇಲೆ ಕಾಣೆಯಾದ ಹುಡುಗಿಯ ಚಿತ್ರವಿದೆ ಎಂದು ಯಾರೋ ಹೇಳಿದ್ದರು.

"ಒಂದು ಗೋಡೆ ನೋಡಿ 'ನಮ್ಮ ಮಗು ಅಲ್ಲ' ಅಂದ. ಹೋಗ್ತಾನೆ ಅನ್ಕೊಂಡೆ. ಹೋಗ್ಲಿಲ್ಲ. ಇನ್ನೊಂದು ಗೋಡೆ ಹತ್ರ ಹೋದ. ಎಲ್ಲ ಒಂದೇ ಚಿತ್ರ ಕಣಪ್ಪಾ ಅಂದ್ರೆ, 'ಇರಲಿ, ನೋಡ್ತೀನಿ, ಒಂದರಲ್ಲಾದ್ರೂ ಅವಳಿರಬಹುದು' ಅಂತಾನೆ. ಸಂಜೆವರೆಗೂ ನೋಡಿದ." ಅಂಟಣ್ಣ ಕೋಲನ್ನು ಡಬ್ಬದ ಅಂಚಿಗೆ ತಟ್ಟುತ್ತಾರೆ. "ಮಾರನೇ ದಿನ ಒದ್ದೆ ಗೋಣಿ ಹಿಡಿದು ಇನ್ನೂರನ್ನೂ ಕೆರೆದು ತೆಗೆದೆ. ಯಾರದೋ ಮನೆ ನೋವನ್ನ ನಾವು ಗೋಡೆಗೆ ಹಚ್ಚಬಾರದು. ಅವತ್ತಿಂದ ಎಷ್ಟು ಬೇಕಾದ್ರೂ ಬಣ್ಣ ಹಚ್ತೀನಿ, ಸುಳ್ಳು ಹಚ್ಚಲ್ಲ."

ಹಾಗಾದರೆ ಈ ಸಲ ಏನು ಮಾಡುವುದು ಎಂದು ಸೋಮವಾರ ಸಂಜೆ ತಲೆ ಮೇಲೆ ಕೈ ಹೊತ್ತು ಕೂತವರಿಗೆ ದಾರಿ ತೋರಿಸಿದ್ದು ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ. ಕೊಡೆ ಹಿಡಿದು ನಿಲ್ಲಲು ಒಬ್ಬ ಹೆಂಗಸು ತಾನೆ ಬೇಕಾದದ್ದು? ತಾನೇ ನಿಲ್ಲುತ್ತೇನೆ ಎಂದರು. ಪೇಟೆಗೆ ಹೆಚ್ಚು ಹೋಗದ ಅವರ ಮುಖದ ಗುರುತು ಅಲ್ಲಿ ಯಾರಿಗೂ ಇರಲಿಲ್ಲ. ಅದೂ ಒಂದು ಥರದ ಸುಳ್ಳಲ್ಲವೇ ಎಂದು ಗಂಡ ಅನುಮಾನಿಸಿದಾಗ ಅವರು ಯಂತ್ರ ನಿಲ್ಲಿಸಿ ಹೇಳಿದ ಮಾತನ್ನು ಅಂಟಣ್ಣ ನಗುತ್ತ ಒಪ್ಪಿಸುತ್ತಾರೆ: "'ಯಾರಿಗೆ ಕಾಯ್ತಿದೀಯಮ್ಮಾ ಅಂದ್ರೆ ಗಂಡನಿಗೆ ಅಂತೀನಿ. ಮದುವೆ ಆದಾಗಿಂದ ಅದನ್ನೇ ಅಲ್ವಾ ಮಾಡ್ತಿರೋದು? ಇದರಲ್ಲಿ ಸುಳ್ಳೆಲ್ಲಿ ಬಂತು?' ಅಂದ್ಲು."

ಮಂಗಳವಾರದಿಂದ ದಿನವೂ ಬೆಳಗ್ಗೆ ಏಳರಿಂದ ಒಂಬತ್ತು. ಪೋಸ್ಟರಿಲ್ಲ, ಫಲಕವಿಲ್ಲ, ಕೊಡೆ ಮಾತ್ರ. ಮೊದಲ ದಿನ ಜನ ನೋಡಿ ಮುಂದೆ ಹೋದರು. ಎರಡನೆಯ ದಿನ ಬಸ್ ಕಂಡಕ್ಟರು ಮೆಟ್ಟಿಲಿಂದಲೇ, "ಅಕ್ಕಾ, ಇದರಲ್ಲೂ ಬಂದಿಲ್ಲ ಅವರು. ಹತ್ತೂಕಾಲಿನದು ನೋಡಿ," ಎಂದ. ಮೂರನೆಯ ದಿನ ಹಣ್ಣು ಮಾರುವಾಕೆ ಸ್ಟೂಲು ತಂದಿಟ್ಟಳು. "ಕೂತ್ಕೊಳ್ಳೇ ತಾಯಿ. ಬರೋನು ನೀನು ಕೂತಿದ್ರೂ ಬರ್ತಾನೆ. ಬರದೋನು ನಿಂತ್ರೂ ಬರಲ್ಲ," ಎಂದಳು.

ಇಂದು ನಾಲ್ಕನೆಯ ದಿನ. ಎಂಟೂವರೆಗೆ ಅಂಟಣ್ಣ ಮೈಕಿನ ಸೈಕಲ್ಲಿನಲ್ಲಿ ಬಂದಿಳಿದು ಚಿತ್ರದ ಹೆಸರು ಹೇಳಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುವುದು ಎಂದು ಮಾತಾಗಿದೆ. ಅಷ್ಟರೊಳಗೆ ಅರವತ್ತು ಪೋಸ್ಟರ್ ಹಚ್ಚಿ ಮುಗಿಯಬೇಕು. ಒಂದಕ್ಕೆ ಎರಡು ನಿಮಿಷ. ಏಣಿ ಹತ್ತುವ ಗೋಡೆಯಾದರೆ ಐದು. ದಿನಕ್ಕೆ ಹತ್ತೊಂಬತ್ತು ಕಿಲೋಮೀಟರು ಸೈಕಲ್ಲು. ಎರಡು ಸಲ ಏಣಿಯಿಂದ ಬಿದ್ದು ಎಡಗೈ ಈಗ ಭುಜದ ಮೇಲಕ್ಕೆ ಏಳುವುದಿಲ್ಲ. ಹಾಗಾಗಿ ಕುಂಚ ಬಲಗೈಯಲ್ಲಿ, ಪೋಸ್ಟರಿನ ಮೇಲಂಚು ಹಲ್ಲಿನಲ್ಲಿ.

ಏಳೂಮುಕ್ಕಾಲಿಗೆ ಕೊನೆಯ ಪೋಸ್ಟರ್ ಹಚ್ಚಿ ಶಾಲೆಯ ಗೋಡೆ ಬದಿಯಿಂದ ಹಿಂದಿರುಗುವಾಗ ಅಂಟಣ್ಣ ಬ್ರೇಕು ಹಿಡಿದು ನಿಲ್ಲುತ್ತಾರೆ. ಗೋಡೆಯ ಬುಡದಲ್ಲಿ ಏಳೆಂಟು ಆಡುಗಳು. ಒಂದರ ಬಾಯಲ್ಲಿ ನಾಯಕನ ಅರ್ಧ ಮುಖ.

ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವುದು ವಾಡಿಕೆ. ಆ ನೀಲಿ ಪುಡಿಯ ಕಹಿಗೆ ಆಡು, ದನ ಬಾಯಿ ಹಾಕುವುದಿಲ್ಲ. ಮೂವತ್ತು ವರ್ಷದಿಂದ ಅದನ್ನು ಅಳೆದು ಹಾಕುವವರು ಹೆಂಡತಿ. ಈ ವಾರ ಮೂರು ದಿನ ಹೊಸ ಪೋಸ್ಟರಿರಲಿಲ್ಲ. ಇಂದು ಅಂಟು ಒಲೆಯಿಂದ ಇಳಿಸುವ ಹೊತ್ತಿಗೆ ಅವರು ಬಸ್ಸಿನಲ್ಲಿದ್ದರು. ಹಾಕಬೇಕೆಂಬುದು ಇವರ ತಲೆಗೇ ಬರಲಿಲ್ಲ.

"ಅವಳನ್ನ ಅಲ್ಲಿ ನಿಲ್ಲಿಸಿದ್ದಕ್ಕೆ ಇಲ್ಲಿ ಸರಿಯಾಗಿ ಬಿತ್ತು ನಂಗೆ," ಎನ್ನುತ್ತ ಆಡುಗಳನ್ನು ಅಟ್ಟುತ್ತಾರೆ. ಹನ್ನೊಂದು ಪೋಸ್ಟರ್ ಹೋಗಿವೆ. ಬಿಟ್ಟು ಹೋಗಲು ಮನಸ್ಸಿಲ್ಲ. ಶಾಲೆ ಗೋಡೆಯೆಂದರೆ ಅರ್ಧ ಊರು ದಾಟುವ ಜಾಗ. ಅಂಗಡಿ ತೆರೆಸಿ ಪುಡಿಯನ್ನೂ, ಚಿತ್ರಮಂದಿರದಿಂದ ಬೇರೆ ಪೋಸ್ಟರುಗಳನ್ನೂ ತಂದು, ಉಳಿದ ಅಂಟಿಗೆ ಪುಡಿ ಬೆರೆಸಿ, ಹನ್ನೊಂದನ್ನೂ ಮತ್ತೆ ಹಚ್ಚುತ್ತಾರೆ.

ನಿಲ್ದಾಣ ತಲುಪಿದಾಗ ಒಂಬತ್ತೂಕಾಲು. ಕೊಡೆ ಅಲ್ಲೇ ಇದೆ. ಸುತ್ತ ಐವತ್ತು ಅರವತ್ತು ಜನ. ಮುಕ್ಕಾಲು ಗಂಟೆಯಿಂದ ಆಕೆ ರಸ್ತೆಯ ತಿರುವಿನ ಕಡೆ ಕತ್ತು ಚಾಚಿ ನೋಡುತ್ತಿರುವುದನ್ನು ಕಂಡು ಯಾರೂ ಹೊರಟಿಲ್ಲ. ಏಣಿಯಿಂದ ಬಿದ್ದಿರಬಹುದೇ ಎಂಬ ಭಯ ಆಕೆಗೆ. ಜನರಿಗೆ ಕಾಣುತ್ತಿರುವುದು ಆ ಭಯ.

ಬೆವರಿ ಬಂದಿಳಿದ ಅಂಟಣ್ಣ ಮೈಕು ಎತ್ತುವ ಮೊದಲೇ ಹಣ್ಣಿನಾಕೆ ಎದ್ದು ನಿಲ್ಲುತ್ತಾಳೆ. "ಓಹೋ, ನೀನೇನಪ್ಪ ಆ ಮಹಾರಾಯ? ನಾಲ್ಕು ದಿನದಿಂದ ಈ ಹೆಣ್ಣನ್ನ ನಿಲ್ಲಿಸಿದೀಯಲ್ಲ, ಎಲ್ಲಿ ಸತ್ತಿದ್ದೆ?"

"ಆಡು ಪೋಸ್ಟರ್ ತಿಂದ್ಬಿಡ್ತು," ಎನ್ನುತ್ತಾರೆ ಅಂಟಣ್ಣ. ಮೈಕಿನ ಗುಂಡಿ ಒತ್ತಿಯೇ ಇತ್ತು. ಮಾತು ನಿಲ್ದಾಣಕ್ಕೆಲ್ಲ ಕೇಳುತ್ತದೆ.

ಹೆಂಡತಿ ಅವರ ಕೈ, ಕಾಲು, ಹಣೆ ಒಮ್ಮೆ ನೋಡಿ ಕೊಡೆ ಮಡಚುತ್ತಾರೆ. "ಮೈಲುತುತ್ತ ಹಾಕ್ಲಿಲ್ಲ ಅಲ್ವಾ?"

ಕಂಡಕ್ಟರು ಬಸ್ಸಿನ ಬಾಗಿಲಿಗೆ ಒರಗಿ ನಗುತ್ತಾನೆ. ನಗು ಹರಡುತ್ತದೆ. ಚಿತ್ರದ ಹೆಸರು ಹೇಳಲು ಅಂಟಣ್ಣನಿಗೆ ನೆನಪಾದದ್ದು ಹೆಂಡತಿ ಸೈಕಲ್ಲಿನ ಹಿಂದೆ ಕೂತ ಮೇಲೆ.

ಶುಕ್ರವಾರದ ಮೊದಲ ಆಟಕ್ಕೆ ಚಿತ್ರಮಂದಿರ ಅರ್ಧ ತುಂಬಿತು. ಶನಿವಾರ ಮುಕ್ಕಾಲು. ಭಾನುವಾರ ಮಧ್ಯಾಹ್ನ ಸಾಲು ಗೇಟು ದಾಟಿದೆ. ಕೆಲವರು ಬಿಸಿಲಿಗೆ ಕೊಡೆ ಹಿಡಿದೇ ನಿಂತಿದ್ದಾರೆ. ಮ್ಯಾನೇಜರು ಬಾಲ್ಕನಿಯ ಕೊನೆಯ ಸಾಲಿನಲ್ಲಿ ಎರಡು ಸೀಟು ಬಿಟ್ಟುಕೊಟ್ಟಿದ್ದಾರೆ. ಗಂಡ ಹೆಂಡತಿ ಒಟ್ಟಿಗೆ ಚಿತ್ರ ನೋಡುತ್ತಿರುವುದು ಇದೇ ಮೊದಲು. ಆಟದ ಹೊತ್ತು ಸದಾ ಮುಂದಿನ ಚಿತ್ರಕ್ಕೆ ಗೋಡೆ ಕೆರೆಯುತ್ತಿದ್ದ ಅಂಟಣ್ಣ ಯಾವ ಚಿತ್ರವನ್ನೂ ಕೊನೆಯವರೆಗೆ ಕಂಡವರಲ್ಲ. ಏನಾದರೂ ಆಸೆ ಇದೆಯೇ ಎಂದು ಶುಕ್ರವಾರ ಒಲೆಯ ಮುಂದೆ ಕೇಳಿದಾಗ ಅವರು ಹೇಳಿದ್ದೂ ಅದನ್ನೇ: "ಇವಳ ಪಕ್ಕ ಕೂತು ಒಂದು ಪಿಕ್ಚರ್ ಮುಗಿಯೋದು ನೋಡ್ಬೇಕು."

ಮಧ್ಯಂತರದಲ್ಲಿ ಮ್ಯಾನೇಜರು ಮೆಟ್ಟಿಲು ಹತ್ತಿ ಬರುತ್ತಾರೆ. ಕಂಕುಳಲ್ಲಿ ಕೆಂಪು ಕಾಗದದ ಸುರುಳಿ. 'ಎರಡನೇ ವಾರ' ಎಂಬ ಪಟ್ಟಿಗಳು, ಅರವತ್ತು. "ಸಂಜೆ ಆಟದ ಜನ ಬರೋದ್ರೊಳಗೆ ಎಲ್ಲ ಪೋಸ್ಟರ್ ಮೇಲೂ ಬೀಳಬೇಕು ಅಂಟಣ್ಣ. ಮುಂದಿನ ಪಿಕ್ಚರ್ ಮಾತು ನಾಳೆ ಆಡೋಣ, ಬನ್ನಿ."

ಅಂಟಣ್ಣ ಸುರುಳಿ ತೆಗೆದುಕೊಂಡು ಹೆಂಡತಿಯ ಕಡೆ ನೋಡುತ್ತಾರೆ. "ನೀನು ನೋಡು. ಕೊನೆಗೆ ಏನಾಯ್ತು ಅಂತ ಆಮೇಲೆ ಹೇಳು."

"ಕಾದಿದ್ದು ಸಾಕು ನಂಗೆ," ಎನ್ನುತ್ತ ಅವರೂ ಏಳುತ್ತಾರೆ. "ಎರಡನೇ ವಾರ ಇದೆಯಲ್ಲ. ಒಟ್ಟಿಗೇ ನೋಡಿದ್ರಾಯ್ತು."

ಶಾಲೆಯ ಗೋಡೆಯ ಮುಂದೆ ಅಂಟಣ್ಣ ಕುಂಚ ಆಡಿಸುತ್ತಾರೆ. ಈ ಸಲ ಅಂಟಿಗೆ ಪುಡಿ ಬಿದ್ದಿದೆ, ಹೆಂಡತಿಯೇ ಹಾಕಿದ್ದಾರೆ. ಪಟ್ಟಿಯ ಮೇಲಂಚನ್ನು ಹಲ್ಲಿನಲ್ಲಿ ಕಚ್ಚಲು ಹೋದವರ ಕೈಯಿಂದ ಅದನ್ನು ತೆಗೆದುಕೊಂಡು ಅವರು ಗೋಡೆಗೆ ಹಿಡಿಯುತ್ತಾರೆ.

"ಸೊಟ್ಟ ಇದೆಯಾ?"

ಅಂಟಣ್ಣ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡುತ್ತಾರೆ. "ನೆಟ್ಟಗಿದೆ. ಹಾಗೇ ಹಿಡ್ಕೋ."